ಪಾಸ್‌ವರ್ಡ್ ಕೇಳದ ಪ್ರಾಕ್ಸಿ: ತೋಟದ ಸಾಧನಗಳನ್ನು ಗುರುತಿಸಿದ ಬಗೆ

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರ ನೆಟ್‌ವರ್ಕನ್ನು ನಾನು ನೋಡಿಕೊಳ್ಳುತ್ತೇನೆ. ಸುಂಟಿಕೊಪ್ಪ, ಸಿದ್ದಾಪುರದ ಕಡೆಯ ತೋಟಗಳಲ್ಲಿ ರೈಟರ್‌ಗಳು (ತೋಟದ ಗುಮಾಸ್ತರು) ಬಳಸುವ ಲ್ಯಾಪ್‌ಟಾಪುಗಳು, ತೂಕದ ಯಂತ್ರಕ್ಕೆ ಜೋಡಿಸಿದ ಪುಟ್ಟ ಕಂಪ್ಯೂಟರುಗಳು, ಮಳೆಮಾಪಕಗಳು, ಎಲ್ಲವೂ ಘಟಕದ ಸ್ಕ್ವಿಡ್ ಪ್ರಾಕ್ಸಿಯ (ಸಾಧನಗಳ ಪರವಾಗಿ ಹೊರಗೆ ಹೋಗಿ ಬರುವ ಮಧ್ಯವರ್ತಿ ತಂತ್ರಾಂಶದ) ಮೂಲಕವೇ ಇಂಟರ್ನೆಟ್‌ಗೆ ಹೋಗಬೇಕು. ಮಳೆಮಾಪಕದಲ್ಲಿ ಪಾಸ್‌ವರ್ಡ್ ಬರೆಯಲು ಜಾಗವೇ ಇಲ್ಲ. ತೂಕದ ತಂತ್ರಾಂಶವಂತೂ ಪ್ರಾಕ್ಸಿಯಿಂದ 407 (ಮೊದಲು ಗುರುತು ದೃಢಪಡಿಸಿ) ಎಂಬ ಉತ್ತರ ಬಂದೊಡನೆ ಕೆಲಸ ನಿಲ್ಲಿಸಿಬಿಡುತ್ತದೆ.

ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ನೋಡಿ ಒಳಗೆ ಬಿಡುವ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಆ ವಿಳಾಸ ರೂಟರ್ ದಾಟಿ ಬರುವುದಿಲ್ಲವಾದ್ದರಿಂದ ಸಿದ್ದಾಪುರದ ಯಂತ್ರದ ಮ್ಯಾಕ್ ಕುಶಾಲನಗರದ ಸ್ಕ್ವಿಡ್‌ಗೆ ಕಾಣುವುದೇ ಇಲ್ಲ; ಬೇಕೆಂದವರು ಅದನ್ನು ನಕಲು ಮಾಡುವುದೂ ಕಷ್ಟವಲ್ಲ.

ಕೊನೆಗೆ ಸ್ಕ್ವಿಡ್‌ನ ಮುಂದೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಸುರಂಗ) ಇಟ್ಟೆ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಅದರ ತಿರುಳಾದ ಕರ್ನಲ್‌ನಲ್ಲೇ ಇದೆ. ಪ್ರತಿ ಸಾಧನಕ್ಕೂ ಅದರದೇ ಕೀಲಿಜೋಡಿ. ಖಾಸಗಿ ಕೀಲಿ ಸಾಧನದಲ್ಲೇ ಉಳಿಯುತ್ತದೆ, ಸಾರ್ವಜನಿಕ ಕೀಲಿಯನ್ನು ಸರ್ವರ್‌ನಲ್ಲಿ ಬರೆದು, ಅದರ ಮುಂದೆ 10.20.0.14/32 ಎಂಬಂತೆ ಸುರಂಗದೊಳಗಿನ ಒಂದೇ ಒಂದು ಐಪಿ ವಿಳಾಸವನ್ನು ಅನುಮತಿಸುತ್ತೇನೆ. ಆ ಕೀಲಿಯಿಂದ ಗೂಢಲಿಪಿ ಬಿಡಿಸಿದ ಪ್ಯಾಕೆಟ್ ಬೇರೆ ವಿಳಾಸದ ಹೆಸರಿನಲ್ಲಿ ಬಂದಿದ್ದರೆ ವೈರ್‌ಗಾರ್ಡ್ ಅದನ್ನು ಅಲ್ಲೇ ಎಸೆಯುತ್ತದೆ. ಹೀಗಾಗಿ ಸ್ಕ್ವಿಡ್ ಕೇವಲ ಐಪಿ ನೋಡಿ ಬಿಟ್ಟರೂ ಸಾಕು, ಆ ಐಪಿಯ ಹಿಂದೆ ಕೀಲಿಯ ಜಾಮೀನು ಇದ್ದೇ ಇರುತ್ತದೆ. ಸ್ಕ್ವಿಡ್ ಸುರಂಗದೊಳಗಿನ ಸರ್ವರ್ ವಿಳಾಸ 10.20.0.1ರ 3128ನೇ ಪೋರ್ಟ್‌ನಲ್ಲಿ ಮಾತ್ರ ಕಿವಿಗೊಡುತ್ತದೆ, ಪಟ್ಟಿಯಲ್ಲಿಲ್ಲದ ಎಲ್ಲವನ್ನೂ ಅದರ ನಿಯಮಗಳ ಕೊನೆಯ ಸಾಲು ನಿರಾಕರಿಸುತ್ತದೆ. ಹೊರಗಿನಿಂದ ಬರುವವರಿಗೆ ತೆರೆದಿರುವುದು ವೈರ್‌ಗಾರ್ಡ್‌ನ ಯುಡಿಪಿ ಪೋರ್ಟ್ 51820 ಒಂದೇ. ನಮ್ಮ ಸರ್ವರ್‌ನ ಸಾರ್ವಜನಿಕ ಕೀಲಿಯನ್ನೇ ಅರಿಯದವರು ಅದನ್ನು ತಟ್ಟಿದರೆ ಉತ್ತರವೇ ಬರುವುದಿಲ್ಲ.

ಜುಲೈ ಮಳೆಯಲ್ಲಿ ಮರ ಬಿದ್ದು ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗ ತೋಟದ ಕಂಪ್ಯೂಟರ್ ಡಾಂಗಲ್‌ಗೆ ಬದಲಾಗುತ್ತದೆ. ಹೊರಗಿನ ಐಪಿ ಬದಲಾದರೂ ಒಳಗಿನದು ಅದೇ ಇರುವುದರಿಂದ ಸ್ಕ್ವಿಡ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ಡಾಂಗಲ್‌ಗಳು ಮೊಬೈಲ್ ಕಂಪನಿಯ ನ್ಯಾಟ್ (ಹಲವು ಸಾಧನಗಳು ಒಂದೇ ಹೊರ ಐಪಿ ಹಂಚಿಕೊಳ್ಳುವ ಏರ್ಪಾಡು) ಹಿಂದಿರುವುದರಿಂದ, ಸಂಪರ್ಕ ಕಡಿಯದಂತೆ ಕಳಿಸುವ ಕೀಪ್‌ಅಲೈವ್ ಸಂದೇಶದ ಅವಧಿಯನ್ನು 25 ಸೆಕೆಂಡಿಗೆ ಇಟ್ಟಿದ್ದೇನೆ. ಲ್ಯಾಪ್‌ಟಾಪ್ ಕಳೆದರೆ ಸರ್ವರ್‌ನಿಂದ ಅದರ ಕೀಲಿಯನ್ನಷ್ಟೇ ತೆಗೆದರಾಯಿತು, ಉಳಿದ ತೋಟಗಳಿಗೆ ಫೋನ್ ಮಾಡಬೇಕಿಲ್ಲ. ಆದರೆ ಕೀಲಿ ಗುರುತಿಸುವುದು ಯಂತ್ರವನ್ನು, ಅದರ ಮುಂದೆ ಕುಳಿತವರನ್ನಲ್ಲ. ಯಾರು ಏನು ನೋಡಿದರೆಂಬ ಲೆಕ್ಕ ಬೇಕಾದ ಕಚೇರಿಗೆ ಈ ವ್ಯವಸ್ಥೆ ಸಾಲದು.

ಮಳೆಮಾಪಕಗಳಲ್ಲಿ ವೈರ್‌ಗಾರ್ಡ್ ಓಡುವುದಿಲ್ಲ. ಅವುಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ತಂತ್ರಾಂಶ ಹಾಕಿದ ಸಣ್ಣ ರೂಟರ್ ಇಟ್ಟು, ಕೀಲಿಯನ್ನು ರೂಟರ್‌ಗೆ ಕೊಟ್ಟಿದ್ದೇನೆ. ಅದರ ಹಿಂದಿರುವುದೆಲ್ಲ ಪ್ರಾಕ್ಸಿಗೆ ಒಂದೇ ಸಾಧನವಾಗಿ ಕಾಣುವುದರಿಂದ, ಆ ವಿಳಾಸಕ್ಕೆ ಮಳೆಯ ಅಂಕಿಅಂಶ ಸ್ವೀಕರಿಸುವ ಡೊಮೇನ್ ಒಂದನ್ನು ಬಿಟ್ಟು ಬೇರಾವುದಕ್ಕೂ ಅನುಮತಿಯಿಲ್ಲ.