ದೊಡ್ಡ ವಿಡಿಯೊ ಫೈಲುಗಳು ಮನೆಯ ನೆಟ್‌ವರ್ಕ್‌ನಲ್ಲಿ ತಡೆಯಿಲ್ಲದೆ ಓಡಬೇಕಾದರೆ

ಮದುವೆಯ ವಿಡಿಯೊವನ್ನು 4ಕೆ ಗುಣಮಟ್ಟದಲ್ಲಿ ತೆಗೆಸುವ ರೂಢಿ ಈಗ ಬಳ್ಳಾರಿ, ಗಂಗಾವತಿ, ಸಿಂಧನೂರಿನ ಕಡೆಯೂ ಬಂದಿದೆ. ಸ್ಟುಡಿಯೊದವರು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಟ್ಟ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು, ವೈ-ಫೈ ಮೂಲಕ ಪಡಸಾಲೆಯ ಟಿವಿಯಲ್ಲಿ ನೋಡಲು ಮನೆಮಂದಿಯೆಲ್ಲ ಕುಳಿತಾಗ, ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಚಿತ್ರ ನಿಂತು ಚಕ್ರ ಸುತ್ತತೊಡಗುತ್ತದೆ. ಆಗ ಅನೇಕರು ಮಾಡುವ ಮೊದಲ ಕೆಲಸವೆಂದರೆ ಇಂಟರ್ನೆಟ್ ಪ್ಲಾನ್ ಹೆಚ್ಚಿಸಿಕೊಳ್ಳುವುದು. ಅದು ದಂಡದ ಖರ್ಚು. ಫೈಲು ಕಂಪ್ಯೂಟರಿನಿಂದ ರೂಟರಿಗೆ, ರೂಟರಿನಿಂದ ಟಿವಿಗೆ ಹೋಗುತ್ತದೆಯೇ ಹೊರತು ಮನೆಯ ಹೊಸ್ತಿಲು ದಾಟುವುದಿಲ್ಲ. ಬೀದಿಯಲ್ಲಿ ಫೈಬರ್ ತುಂಡಾಗಿ ಬಿದ್ದಿದ್ದರೂ ಈ ವಿಡಿಯೊ ಓಡಬೇಕು.

ಆದ್ದರಿಂದ ಏನನ್ನಾದರೂ ಕೊಳ್ಳುವ ಮೊದಲು, ಆ ಫೈಲಿಗೆ ಎಷ್ಟು ವೇಗ ಬೇಕೆಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು. ಜಿಬಿಯಲ್ಲಿರುವ ಗಾತ್ರವನ್ನು 8,000ದಿಂದ ಗುಣಿಸಿ, ವಿಡಿಯೊ ಎಷ್ಟು ಸೆಕೆಂಡುಗಳದ್ದೋ ಅಷ್ಟರಿಂದ ಭಾಗಿಸಿದರೆ ಸರಾಸರಿ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೆ ಸಾಗಬೇಕಾದ ಮಾಹಿತಿ, ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು) ಸಿಗುತ್ತದೆ. ಒಂದೂವರೆ ಗಂಟೆಯ, 60 ಜಿಬಿ ಗಾತ್ರದ ಫೈಲಿಗೆ ಇದು ಸುಮಾರು 89 ಎಂಬಿಪಿಎಸ್ ಆಗುತ್ತದೆ. ಎರಡು ಗಂಟೆಯ 40 ಜಿಬಿ ಫೈಲಿಗೆ ಸುಮಾರು 44. ಆದರೆ ಇದು ಸರಾಸರಿ ಮಾತ್ರ. ವಧೂವರರು ಸುಮ್ಮನೆ ಕುಳಿತಿರುವ ದೃಶ್ಯಕ್ಕೆ ಕಡಿಮೆ ಮಾಹಿತಿ ಸಾಕು. ನೂರಾರು ಅಕ್ಕಿಕಾಳುಗಳು ಒಟ್ಟಿಗೆ ಹಾರಿ ಬೀಳುವಾಗ, ತೇರಿನ ಮುಂದೆ ಜನ ನೂಕಾಡುವಾಗ ಪ್ರತಿಯೊಂದು ಚೌಕಟ್ಟೂ ಹಿಂದಿನದಕ್ಕಿಂತ ಬೇರೆಯಾಗಿರುವುದರಿಂದ ಬಿಟ್‌ರೇಟ್ ಸರಾಸರಿಯನ್ನು ಮೀರಿ ಏರುತ್ತದೆ. ಅಕ್ಷತೆಯ ಹೊತ್ತಿಗೇ ಚಿತ್ರ ನಿಲ್ಲುವುದು ಈ ಕಾರಣದಿಂದ. ಹೀಗಾಗಿ ಸರಾಸರಿಯ ಎರಡು ಪಟ್ಟು ವೇಗವಾದರೂ ದಾರಿಯುದ್ದಕ್ಕೂ ಇರಬೇಕೆಂದು ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯ ಕೆಲಸ ನೆಟ್‌ವರ್ಕನ್ನು ಪೂರ್ತಿ ಬದಿಗಿಟ್ಟು ನೋಡುವುದು. ಅದೇ ಫೈಲನ್ನು ಪೆನ್ ಡ್ರೈವಿಗೆ ಹಾಕಿ ನೇರವಾಗಿ ಟಿವಿಗೆ ಚುಚ್ಚಿ ಓಡಿಸಬೇಕು. ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಿಸಿಕೊಳ್ಳಬೇಕಾಗುತ್ತದೆ. ಪೆನ್ ಡ್ರೈವಿನಲ್ಲಿಯೂ ಚಿತ್ರ ಮುಗ್ಗರಿಸಿದರೆ ರೂಟರಿನ ತಪ್ಪಿಲ್ಲ. ಟಿವಿಗೆ ಆ ಫೈಲನ್ನು ಬಿಡಿಸಿ ತೋರಿಸುವ ಶಕ್ತಿ ಇಲ್ಲ ಎಂದರ್ಥ. ಎಡಿಟಿಂಗ್‌ಗೆ ಅನುಕೂಲವಾಗಲೆಂದು ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2 ವಿಧಾನದಲ್ಲಿ ಚಿತ್ರೀಕರಿಸಿದ ಎಚ್.264 (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ಫೈಲನ್ನು ಹಾಗೆಯೇ ಕೊಟ್ಟಾಗ ಈ ತೊಂದರೆ ಹೆಚ್ಚಾಗಿ ಕಾಣಿಸುತ್ತದೆ, ಏಕೆಂದರೆ ಬಹುತೇಕ ಟಿವಿಗಳ ಚಿಪ್‌ಗಳು ಬಣ್ಣದ ವಿವರ ಕಡಿಮೆ ಇರುವ 4:2:0 ವಿಧಾನವನ್ನು ಮಾತ್ರ ಬಿಡಿಸಬಲ್ಲವು. ಇಂಥ ಫೈಲನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇನ್ನೂ ಹೆಚ್ಚು ಕುಗ್ಗಿಸುವ ಎಚ್.265ಕ್ಕೆ, 4:2:0 ಬಣ್ಣಕ್ಕೆ ಬದಲಿಸಿದರೆ ಗಾತ್ರವೂ ಅರ್ಧಕ್ಕಿಂತ ಕೆಳಗಿಳಿಯಬಹುದು. ಮೂಲ ಫೈಲನ್ನು ಮಾತ್ರ ಅಳಿಸಬಾರದು. ಸ್ಟುಡಿಯೊದವರಿಗೆ ಮೊದಲೇ ಹೇಳಿ, ಟಿವಿಯಲ್ಲಿ ನೋಡಲೆಂದೇ ಒಂದು ಪ್ರತಿಯನ್ನು ಬೇರೆಯಾಗಿ ಮಾಡಿಸಿಕೊಳ್ಳುವುದು ಇದಕ್ಕಿಂತ ಸುಲಭ.

ಜೆಲ್ಲಿಫಿನ್ ಅಥವಾ ಪ್ಲೆಕ್ಸ್‌ನಂಥ ಮೀಡಿಯಾ ಸರ್ವರ್ (ಕಂಪ್ಯೂಟರಿನ ವಿಡಿಯೊಗಳನ್ನು ಟಿವಿಗೆ ಕಳುಹಿಸುವ ತಂತ್ರಾಂಶ) ಬಳಸುವವರು ಇನ್ನೊಂದನ್ನು ಗಮನಿಸಬೇಕು. ಟಿವಿಗೆ ಹಿಡಿಸದ ಫೈಲು ಎದುರಾದಾಗ ಸರ್ವರ್ ತಾನೇ ಅದನ್ನು ಆಗಿಂದಾಗಲೇ ಬೇರೆ ರೂಪಕ್ಕೆ ಪರಿವರ್ತಿಸಿ ಕಳುಹಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೆ 4ಕೆ ಪರಿವರ್ತನೆ ಎತ್ತಲಾಗದ ಭಾರ. ಅದು ಸೋತು ನಿಂತಾಗಲೂ ಟಿವಿಯಲ್ಲಿ ಕಾಣುವುದು ಅದೇ ಸುತ್ತುವ ಚಕ್ರ. ಸರ್ವರಿನ ಡ್ಯಾಶ್‌ಬೋರ್ಡಿನಲ್ಲಿ ‘ಡೈರೆಕ್ಟ್ ಪ್ಲೇ’ (ಫೈಲು ಇದ್ದಂತೆಯೇ ಹೋಗುತ್ತಿದೆ) ಎಂದಿದೆಯೋ ‘ಟ್ರಾನ್ಸ್‌ಕೋಡ್’ (ಪರಿವರ್ತನೆಯಾಗುತ್ತಿದೆ) ಎಂದಿದೆಯೋ ನೋಡಿಕೊಳ್ಳಬೇಕು. ಚಿತ್ರ ಹಿಡಿಸಿದರೂ ಸಬ್‌ಟೈಟಲ್ ಚಿತ್ರರೂಪದಲ್ಲಿದ್ದರೆ ಅದನ್ನು ವಿಡಿಯೊದ ಮೇಲೆ ಅಚ್ಚೊತ್ತಲು ಪೂರ್ತಿ ಪರಿವರ್ತನೆ ಶುರುವಾಗಬಹುದು. ಸಬ್‌ಟೈಟಲ್ ಆಫ್ ಮಾಡಿದ ತಕ್ಷಣ ಚಿತ್ರ ಸಲೀಸಾಯಿತೆಂದರೆ ರೋಗ ಸಿಕ್ಕಂತೆ.

ಪೆನ್ ಡ್ರೈವಿನಲ್ಲಿ ಚೆನ್ನಾಗಿ ಓಡಿ ನೆಟ್‌ವರ್ಕ್‌ನಲ್ಲಿ ನಿಲ್ಲುತ್ತಿದ್ದರೆ ಈಗ ದಾರಿಯನ್ನು ತುಂಡುತುಂಡಾಗಿ ಪರಿಶೀಲಿಸಬೇಕು. ಮೊದಲ ಅನುಮಾನ ಟಿವಿಯ ಮೇಲೆಯೇ. ಬೆಲೆ ಎಷ್ಟೇ ಇರಲಿ, ಅನೇಕ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಚುಚ್ಚುವ ಕಿಂಡಿ) 100 ಎಂಬಿಪಿಎಸ್‌ನದ್ದು, ಅದರಲ್ಲಿ ಕೈಗೆ ಸಿಗುವುದು 94ರ ಆಸುಪಾಸು. ಮೇಲೆ ಹೇಳಿದ 89 ಎಂಬಿಪಿಎಸ್‌ನ ಫೈಲು ಅದರಲ್ಲಿ ಹೇಗೋ ತೂರಿಕೊಂಡು ಹೋಗಿ, ಅಕ್ಷತೆ ಬಂದಾಗ ಸಿಕ್ಕಿಹಾಕಿಕೊಳ್ಳುತ್ತದೆ. ಕೇಬಲ್ ಎಂದರೆ ಯಾವಾಗಲೂ ವೈ-ಫೈಗಿಂತ ಮೇಲು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ: ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈ-ಫೈ ಆ ಪೋರ್ಟಿಗಿಂತ ವೇಗವಾಗಿರುತ್ತದೆ. ಫೈಬರ್ ಸಂಪರ್ಕದ ಜೊತೆ ಕೊಡುವ ಅಗ್ಗದ ಮೋಡೆಮ್‌ಗಳಲ್ಲಿ ಕೆಲವಕ್ಕೆ ಒಂದೇ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದ್ದು, ಉಳಿದವು 100ರವಾಗಿರುತ್ತವೆ; ಇನ್ನು ಕೆಲವಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟರೆ ಬೇರೆ ವೈ-ಫೈ ಇರುವುದೇ ಇಲ್ಲ. ಅಂಥ ಮನೆಯಲ್ಲಿ ದುಡ್ಡು ಹಾಕಬೇಕಾದದ್ದು ಗಿಗಾಬಿಟ್ ಪೋರ್ಟುಗಳಿರುವ, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡಿನ ಸ್ವಂತ ರೂಟರಿಗೆ.

ಕೇಬಲ್ ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮೇಲೆ ಅಚ್ಚಾಗಿರುವುದಷ್ಟನ್ನೇ ನಂಬಬಾರದು. ಅಂಗಡಿಯಲ್ಲಿಯೇ ತುದಿಯ ಒಂದು ಎಳೆಯನ್ನು ಸುಲಿದು, ಒಳಗಿನ ತಂತಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಬೇಕು. ಶುದ್ಧ ತಾಮ್ರವಾದರೆ ಒಳಗೂ ಕೆಂಪಾಗಿಯೇ ಇರುತ್ತದೆ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಎರಡು ಸಲ ಬಗ್ಗಿಸಿದರೆ ಮುರಿಯುವಂಥದ್ದು. ಗಿಗಾಬಿಟ್ ವೇಗಕ್ಕೆ ಕೇಬಲಿನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು. ಹೀಗಾಗಿ ಒಂದು ಎಳೆ ಕಡಿದಾಗ ಸಂಪರ್ಕ ಸಾಮಾನ್ಯವಾಗಿ ಪೂರ್ತಿ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000 ಎಂದಿರಬೇಕಾದಲ್ಲಿ 100 ಎಂದಿದ್ದರೆ ಕೇಬಲಿನ ತುದಿಯ ಕನೆಕ್ಟರನ್ನು ಮತ್ತೆ ಕ್ರಿಂಪ್ ಮಾಡಿಸಬೇಕು, ಅಂದರೆ ಒತ್ತಿ ಕೂರಿಸಬೇಕು. ಮಾಳಿಗೆಯ ಮೇಲೆ ಹಾಯಿಸುವುದಾದರೆ ಹೊರಾಂಗಣಕ್ಕೆಂದೇ ಬರುವ ಕಪ್ಪು ಹೊದಿಕೆಯ ಕೇಬಲ್ ಆಗಬೇಕು; ಸಾದಾ ಕೇಬಲಿನ ಸಿಪ್ಪೆ ನಮ್ಮ ಬಿಸಿಲಿಗೆ ಬಿರಿದುಹೋಗುತ್ತದೆ.

ವೈ-ಫೈ ವಿಷಯದಲ್ಲಿ ನಮ್ಮ ಕಡೆಯ ಹಳೆಯ ಮನೆಗಳದ್ದೇ ಒಂದು ಸಮಸ್ಯೆ. ಕಲ್ಲಿನ ದಪ್ಪ ಗೋಡೆಯ ಮನೆ ಬೇಸಿಗೆಯಲ್ಲಿ ತಂಪಾಗಿರುವುದೇನೋ ನಿಜ, ಆದರೆ 5 ಗಿಗಾಹರ್ಟ್ಸ್ ಅಲೆಗಳು ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಬಹಳ ಕ್ಷೀಣಿಸುತ್ತವೆ. 2.4 ಗಿಗಾಹರ್ಟ್ಸ್ ಅಲೆಗಳು ಇನ್ನಷ್ಟು ದೂರ ಹೋದರೂ, ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ ಇರುವುದರಿಂದ ಅಕ್ಕಪಕ್ಕದ ಮನೆಗಳ ಗದ್ದಲದಲ್ಲಿ ದೊಡ್ಡ ಫೈಲು ಸಾಗುವುದಿಲ್ಲ. ಇದಕ್ಕೆ ಗೋಡೆಗೆ ರಂಧ್ರ ಕೊರೆದು ಕೇಬಲ್ ತಂದು, ಟಿವಿ ಇರುವ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲಿನಲ್ಲಿ ಬಂದದ್ದನ್ನು ವೈ-ಫೈಯಾಗಿ ಬಿಡುವ ಸಾಧನ) ಇಡುವುದೇ ನನ್ನ ಪ್ರಕಾರ ಸರಿಯಾದ ಪರಿಹಾರ. ಬರೀ ಪ್ಲಗ್ಗಿಗೆ ಸಿಕ್ಕಿಸುವ ಸಾದಾ ರಿಪೀಟರ್‌ಗಳು ಹಿಡಿದ ಮಾಹಿತಿಯನ್ನೇ ಮತ್ತೆ ಗಾಳಿಗೆ ಬಿಡುವುದರಿಂದ ವೇಗ ಅರ್ಧದಷ್ಟಾಗುತ್ತದೆ. ಲ್ಯಾಪ್‌ಟಾಪೂ ವೈ-ಫೈಯಲ್ಲಿ, ಟಿವಿಯೂ ವೈ-ಫೈಯಲ್ಲಿ ಇದ್ದಾಗ ಆಗುವುದೂ ಇದೇ. ಫೈಲಿರುವ ಕಂಪ್ಯೂಟರನ್ನಾದರೂ ರೂಟರಿಗೆ ಕೇಬಲಿನಿಂದ ಸೇರಿಸಬೇಕು. ಪ್ರತಿ ಬದಲಾವಣೆಯ ನಂತರ ಟಿವಿ ಇರುವ ಜಾಗದಲ್ಲಿ ಮತ್ತೊಂದು ಲ್ಯಾಪ್‌ಟಾಪ್ ಇಟ್ಟು, ಐಪರ್ಫ್3 ತಂತ್ರಾಂಶದಿಂದ ಎರಡೂ ಕಂಪ್ಯೂಟರುಗಳ ನಡುವಿನ ವೇಗವನ್ನು ಅಳೆಯಬೇಕು. ಇಂಟರ್ನೆಟ್ ವೇಗ ತೋರಿಸುವ ಆ್ಯಪ್‌ಗಳು ಈ ಕೆಲಸಕ್ಕೆ ಬಾರವು.

ಇಷ್ಟಾದ ಮೇಲೆ ಆಗೊಮ್ಮೆ ಈಗೊಮ್ಮೆ ಮಾತ್ರ ನಿಲ್ಲುತ್ತಿದ್ದರೆ ಬಫರ್ ಹೆಚ್ಚಿಸಬಹುದು. ಬಫರ್ ಎಂದರೆ ಮುಂದೆ ಬರುವ ದೃಶ್ಯಗಳನ್ನು ಮೊದಲೇ ತುಂಬಿಟ್ಟುಕೊಳ್ಳುವ ಜಾಗ, ಮಾಳಿಗೆಯ ಮೇಲಿನ ನೀರಿನ ಟ್ಯಾಂಕು ಇದ್ದಂತೆ: ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸುಧಾರಿಸುತ್ತದೆ, ಬರುವ ನೀರೇ ಕಡಿಮೆಯಾದರೆ ಎಷ್ಟು ದೊಡ್ಡದಿದ್ದರೂ ಬರಿದಾಗುತ್ತದೆ. ಕೋಡಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದ 21ನೇ ಆವೃತ್ತಿಯಿಂದ ಸೆಟ್ಟಿಂಗ್ಸ್‌ನ ಸರ್ವೀಸಸ್ ವಿಭಾಗದಲ್ಲಿಯೇ ಇದಕ್ಕೆ ಕ್ಯಾಶಿಂಗ್ ಎಂಬ ಆಯ್ಕೆ ಇದೆ. ಅದರಲ್ಲಿ ಮೊದಲೇ ಇರುವ 20 ಎಂಬಿ, 89 ಎಂಬಿಪಿಎಸ್‌ನ ಫೈಲಿಗೆ ಎರಡು ಸೆಕೆಂಡಿಗೂ ಸಾಲದು. 256 ಎಂಬಿ ಮಾಡಿದರೆ ಇಪ್ಪತ್ತು ಸೆಕೆಂಡಿಗೂ ಹೆಚ್ಚು ಆಗುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ ಅನ್ನು 1000 ಮಿಲಿಸೆಕೆಂಡಿನಿಂದ 5000ಕ್ಕೆ ಏರಿಸಬೇಕು.

ಕೊನೆಯದಾಗಿ ಬಿಸಿಲು ಮತ್ತು ಕರೆಂಟು. ಮನೆಬಳಕೆಯ ಅನೇಕ ರೂಟರ್‌ಗಳ ವಿವರಪಟ್ಟಿಯಲ್ಲಿ ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಬರೆದಿರುತ್ತದೆ. ರಾಯಚೂರಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತು ಆ ಮಿತಿ ದಾಟುವುದುಂಟು. ರೂಟರನ್ನೂ ಹಾರ್ಡ್ ಡಿಸ್ಕನ್ನೂ ಟಿವಿಯ ಹಿಂದಿನ ಮುಚ್ಚಿದ ಕಪಾಟಿನಲ್ಲಿ ತುರುಕದೆ ಗಾಳಿಯಾಡುವ ಕಡೆ ಇಡಬೇಕು. ಓಡುತ್ತಿರುವಾಗ ಕರೆಂಟು ಹೋದರೆ ಹಾರ್ಡ್ ಡಿಸ್ಕಿನ ಫೈಲುಗಳೇ ಕೆಡುವ ಸಾಧ್ಯತೆ ಇರುವುದರಿಂದ, ಇನ್ವರ್ಟರ್ ಇರುವ ಮನೆಯಲ್ಲಿಯೂ ಸರ್ವರ್ ಕಂಪ್ಯೂಟರಿಗೆ ಬೇರೆ ಯುಪಿಎಸ್ ಹಾಕುವುದು ಒಳ್ಳೆಯದು. ಕೆಲವು ಇನ್ವರ್ಟರ್‌ಗಳು ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿಯೇ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ.