ದಾರೆಹುಳಿ ಕ್ರಿಸ್ಪ್: ನನ್ನ ಅನುಭವ

ನಮ್ಮ ಹಿತ್ತಿಲಿನ ದಾರೆಹುಳಿ (ಸ್ಟಾರ್ ಫ್ರೂಟ್) ಮರ ಬಿಡುವಷ್ಟು ಕಾಯನ್ನು ಒಂದು ಮನೆಯವರು ತಿಂದು ಮುಗಿಸಲು ಆಗುವುದಿಲ್ಲ. ಗೊಜ್ಜು ಮಾಡಿದೆ, ಉಪ್ಪಿನಕಾಯಿ ಹಾಕಿದೆ, ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳನ್ನೆಲ್ಲಾ ಅದರಲ್ಲೇ ತಿಕ್ಕಿದೆ. ಆದರೂ ಮರದ ಬುಡದಲ್ಲಿ ಹಣ್ಣು ಬಿದ್ದು ಕೊಳೆಯುತ್ತಿತ್ತು. ಈಗ ನಾಲ್ಕು ವರ್ಷದಿಂದ ಅದರಲ್ಲಿ ಕ್ರಿಸ್ಪ್ ಮಾಡುತ್ತಿದ್ದೇನೆ, ಅಂದರೆ ಹಣ್ಣಿನ ಮೇಲೆ ಓಟ್ಸ್ ಮತ್ತು ಬೆಣ್ಣೆಯ ಪುಡಿ ಹರಡಿ ಓವನ್ನಿನಲ್ಲಿ ಬೇಯಿಸುವ ಸಿಹಿ. ಕಲಿತದ್ದು ಮಾತ್ರ ಬೇರೆಯದರಲ್ಲಿ, ಹುಳಿ ದಂಟಿನ ಗಿಡವಾದ ರುಬಾರ್ಬ್‌ನಲ್ಲಿ.

ಮಗಳು ಅಮೆರಿಕದ ಮಿನೆಸೋಟಾದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋದದ್ದು ಮೇ ತಿಂಗಳಲ್ಲಿ. ಹಿಮ ಕರಗಿ ಕೆಲವೇ ವಾರ ಆಗಿತ್ತು. ಮನೆ ಹಿಂದಿನ ಮೂಲೆಯಲ್ಲಿ ಕೆಂಪು ದಂಟಿನ, ಅಗಲ ಎಲೆಯ ಗಿಡವೊಂದು ಪೊದೆಯಾಗಿ ಎದ್ದಿತ್ತು. ಥೇಟ್ ನಮ್ಮ ಕೆಸು. ಪತ್ರೊಡೆ ಮಾಡೋಣವಾ ಅಂತ ಕೇಳಿದೆ. ಮಗಳು ಗಾಬರಿಯಾಗಿ, ಎಲೆ ಮಾತ್ರ ಬೇಡಮ್ಮಾ ಅಂದಳು. ರುಬಾರ್ಬ್‌ನಲ್ಲಿ ತಿನ್ನುವುದು ದಂಟು ಒಂದೇ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಅದು ವಿಷ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ತರಕಾರಿ ಸಾಲದೆ, ಈ ಎಲೆಯನ್ನೂ ಬೇಯಿಸಿ ತಿನ್ನಿ ಅಂತ ಜನರಿಗೆ ಹೇಳಿದ್ದರು. ತಿಂದವರು ಕಾಯಿಲೆ ಬಿದ್ದರು.

ಒಂದು ತುಂಡು ದಂಟನ್ನು ಹಸಿಯಾಗಿ ಕಚ್ಚಿದೆ. ಹಲ್ಲು ಜುಮ್ಮೆಂದಿತು. ಆಮೇಲೆ ಹಲ್ಲಿನ ಮೇಲೆ ಸಣ್ಣ ಹುಡಿ ಕೂತ ಹಾಗೆ ಒರಟು. ಈ ಒರಟು ನನಗೆ ಚೆನ್ನಾಗಿ ಗೊತ್ತಿತ್ತು. ದಾರೆಹುಳಿ ಕಾಯಿ ತಿಂದಾಗ ಆಗುವುದೂ ಇದೇ ಅಲ್ವಾ? ಎರಡರಲ್ಲೂ ಇರುವುದು ಅದೇ ಆಕ್ಸಾಲಿಕ್ ಆಮ್ಲ. ಅವತ್ತೇ ಮನಸ್ಸಿನಲ್ಲಿ ಹೊಳೆದಿತ್ತು, ಇದರಲ್ಲಿ ಮಾಡುವ ಅಡುಗೆಯನ್ನು ಊರಿಗೆ ಹೋದ ಮೇಲೆ ದಾರೆಹುಳಿಯಲ್ಲಿ ಮಾಡಬೇಕು ಅಂತ.

ಪಕ್ಕದ ಮನೆಯ ಅಜ್ಜಿಯೊಬ್ಬರು ರುಬಾರ್ಬ್ ಕ್ರಿಸ್ಪ್ ಮಾಡಿ ತೋರಿಸಿದರು. ಕೆಳಗೆ ಸಕ್ಕರೆ ಬೆರೆಸಿದ ರುಬಾರ್ಬ್ ತುಂಡು, ಮೇಲೆ ಓಟ್ಸ್, ಮೈದಾ, ಕಂದು ಸಕ್ಕರೆ, ಬೆಣ್ಣೆ ಸೇರಿಸಿ ತಿಕ್ಕಿದ ಪುಡಿ. 190 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆ. ಅಷ್ಟೇ. ಪುಡಿಯಲ್ಲಿ ಓಟ್ಸ್ ಇದ್ದರೆ ಕ್ರಿಸ್ಪ್, ಬರೀ ಹಿಟ್ಟು, ಬೆಣ್ಣೆ, ಸಕ್ಕರೆಯದಾದರೆ ಇಂಗ್ಲೆಂಡಿನವರ ಕ್ರಂಬಲ್. ಮೇಲೆ ಕರುಂ ಕುರುಂ, ಕೆಳಗೆ ಬಾಯಿ ಚಪ್ಪರಿಸುವಂಥ ಹುಳಿ. ಸಿಹಿ ಎಂದರೆ ಬರೀ ಸಿಹಿಯೇ ಆಗಿರುವ ಊಟದಲ್ಲಿ ಬೆಳೆದ ನನಗೆ ಅದು ತುಂಬಾ ಇಷ್ಟವಾಯಿತು.

ಆ ಗಿಡ ನಮ್ಮಲ್ಲಿ ಬರುವುದಿಲ್ಲ. ಅದಕ್ಕೆ ಗಟ್ಟಿ ಚಳಿಗಾಲ ಬೇಕು, ಬೇರು ತಣ್ಣಗೆ ಮಲಗಿ ಎದ್ದರೆ ಮಾತ್ರ ದಂಟು ಬಿಡುತ್ತದೆ. ಅದರ ಕುಲದ್ದೇ ಬೇರು ಹಿಮಾಲಯದ ಕಡೆಯಿಂದ ಬಂದು ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ರೇವಲ್ಚಿನ್ನಿ ಅಂತ ಸಿಗುತ್ತದೆ. ಅದು ಔಷಧಿಗೆ, ಅಡುಗೆಗಲ್ಲ.

ಊರಿಗೆ ಬಂದು ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯ ಸಲ ಕಾರಣ ಗೊತ್ತಾಯಿತು: ನೀರು. ದಾರೆಹುಳಿಯಲ್ಲಿ ನೂರಕ್ಕೆ 90 ಪಾಲು ನೀರೇ ಇದೆ. ರುಬಾರ್ಬ್‌ನಲ್ಲಿ ಇನ್ನೂ ಜಾಸ್ತಿ. ಆದರೆ ರುಬಾರ್ಬ್ ಬೆಂದು ಕರಗಿ ಎಳೆ ಎಳೆಯಾಗಿ ಆ ನೀರಿನಲ್ಲೇ ಸೇರಿಕೊಳ್ಳುತ್ತದೆ, ಎಲ್ಲವೂ ಒಂದೇ ಮುದ್ದೆ. ದಾರೆಹುಳಿ ಹಾಗಲ್ಲ. ತುಂಡು ತುಂಡಾಗಿಯೇ ಉಳಿದು ನೀರನ್ನು ಹೊರಗೆ ಬಿಡುತ್ತದೆ. ಆ ನೀರು ಕುದ್ದು ಮೇಲೆ ಬಂದು ಪುಡಿಯನ್ನು ನೆನೆಸುತ್ತದೆ. ನನಗೆ ಸಿಕ್ಕಿದ್ದು ಹುಳಿ ಸಾರಿನ ಮೇಲೆ ತೇಲುವ ಓಟ್ಸ್ ಗಂಜಿ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಹಸಿರು ಹೋಗಿ ಹಳದಿ ತಿರುಗತೊಡಗಿದ ಕಾಯಿ ಬೇಕು, ಪೂರ್ತಿ ಹಣ್ಣಾದರೆ ಹುಳಿ ಸಾಲದು. ಐದು ಏಣುಗಳ ತುದಿಯನ್ನು ಚಾಕುವಿನಲ್ಲಿ ತೆಳ್ಳಗೆ ಕೆತ್ತಿ ತೆಗೆಯಬೇಕು. ಅದು ನಾರು, ಬೇಯುವುದೇ ಇಲ್ಲ. ಅಡ್ಡಕ್ಕೆ ಕೊಯ್ದರೆ ನಕ್ಷತ್ರ ಚೆಂದ ಕಾಣುತ್ತದೆ, ಆದರೆ ಚಮಚಕ್ಕೆ ಸಿಗುವುದಿಲ್ಲ. ನಾನು ಬೀಜ ತೆಗೆದು ಅರ್ಧ ಇಂಚಿನ ತುಂಡು ಮಾಡುತ್ತೇನೆ. 600 ಗ್ರಾಂ ತುಂಡಿಗೆ 150 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ತುರಿದ ಹಸಿ ಶುಂಠಿ ಒಂದು ಚಮಚ ಬೆರೆಸಿ ಒಂದು ಗಂಟೆ ಸುಮ್ನೆ ಬಿಡುತ್ತೇನೆ. ಒಂದು ಗಂಟೆಗೆ ಪಾತ್ರೆಯ ತಳದಲ್ಲಿ ಒಂದು ಲೋಟದ ಹತ್ತಿರ ರಸ ನಿಂತಿರುತ್ತದೆ. ಅದನ್ನು ಸೋಸಿ ಬೇರೆ ಪಾತ್ರೆಯಲ್ಲಿ ಅರ್ಧಕ್ಕೆ ಬತ್ತಿಸುತ್ತೇನೆ. ಅದಕ್ಕೆ ಒಂದೂವರೆ ದೊಡ್ಡ ಚಮಚ ಕೂವೆ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ, ಗಟ್ಟಿಯಾದ ಕೂಡಲೇ ಇಳಿಸುತ್ತೇನೆ. ಕೂವೆ ಹಿಟ್ಟನ್ನು ಮಕ್ಕಳಿಗೆ, ಹೊಟ್ಟೆ ಕೆಟ್ಟವರಿಗೆ ಅಂತ ಮನೆಯಲ್ಲಿ ಇಟ್ಟಿರುತ್ತೇವಲ್ಲ, ಅದೇ. ಕಾರ್ನ್‌ಫ್ಲೋರ್ ಹಾಕಿದರೆ ರಸ ಮಂಕಾಗುತ್ತದೆ. ಕೂವೆಯಲ್ಲಿ ಅದು ಗಾಜಿನಂತೆ ತಿಳಿಯಾಗಿ, ಜೇನಿನ ಬಣ್ಣಕ್ಕೆ ಹೊಳೆಯುತ್ತದೆ. ಈ ರಸವನ್ನು ಮತ್ತೆ ತುಂಡಿಗೆ ಬೆರೆಸಬೇಕು.

ಅಲ್ಯೂಮಿನಿಯಂ ತಟ್ಟೆ ಬೇಡ. ಮೊದಲ ಸಲ ಕೇಕ್ ಮಾಡುವ ಅಲ್ಯೂಮಿನಿಯಂ ಟಿನ್ನಿನಲ್ಲಿ ಮಾಡಿದೆ. ಹುಳಿ ಲೋಹವನ್ನು ತಿಂದು ತಳ ಕಪ್ಪಾಗಿತ್ತು, ಕ್ರಿಸ್ಪ್ ಕೂಡ ಲೋಹದ ರುಚಿ. ಗಾಜಿನದೋ ಪಿಂಗಾಣಿಯದೋ ಇರಲಿ.

ಇನ್ನು ಮೇಲಿನ ಪುಡಿ. 100 ಗ್ರಾಂ ಮೈದಾ, 80 ಗ್ರಾಂ ಓಟ್ಸ್, 90 ಗ್ರಾಂ ಒಣ ಬೆಲ್ಲದ ಪುಡಿ, 100 ಗ್ರಾಂ ಬೆಣ್ಣೆ, ಅರ್ಧ ಚಮಚ ದಾಲ್ಚಿನ್ನಿ ಪುಡಿ, ಉಪ್ಪು. ನಮ್ಮ ಕಡೆಯ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ಈ ಪುಡಿಗೆ ಆಗುವುದಿಲ್ಲ. ದೋಸೆಗೆ ಅದರಂಥದ್ದು ಇನ್ನೊಂದಿಲ್ಲ, ಆದರೆ ಇಲ್ಲಿ ಅದೂ ನೀರೇ. ಓಟ್ಸ್ ಬದಲು ಅವಲಕ್ಕಿ ಹಾಕಿ ನೋಡಿದ್ದೇನೆ. ಗಟ್ಟಿ ಅವಲಕ್ಕಿ ಓವನ್ನಿನಲ್ಲಿ ಕಲ್ಲಾಯಿತು. ಪೇಪರ್ ಅವಲಕ್ಕಿಯನ್ನು ಓಟ್ಸ್ ಜೊತೆ ಅರ್ಧಕ್ಕರ್ಧ ಹಾಕಿದರೆ ಬಹಳ ಚೆನ್ನಾಗಿ ಬರುತ್ತದೆ.

ಬೆಣ್ಣೆಯ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಅದನ್ನು ತಣ್ಣೀರಲ್ಲಿ ಮೂರು ಸಲ ತೊಳೆದು, ಅಂಗೈಯಲ್ಲಿ ಒತ್ತಿ ನೀರು ಹಿಂಡಿ, ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ ಮಾಡಿಕೊಂಡ ಮೇಲೆ ಬಳಸಬೇಕು. ಈ ಕೆಲಸಕ್ಕೆ ಬೆಳಿಗ್ಗೆಯೇ ಒಳ್ಳೆಯದು, ಅಡುಗೆಮನೆ ಬಿಸಿಯೇರುವ ಮೊದಲು. ಹಿಟ್ಟಿಗೆ ಸೇರಿಸುವಾಗ ಅಂಗೈ ತಾಗಬಾರದು, ಬೆರಳ ತುದಿ ಮಾತ್ರ. ಬೆಣ್ಣೆ ಚೂರನ್ನು ಹಿಟ್ಟಿನೊಳಗೆ ಹಿಡಿದು, ಹೆಬ್ಬೆರಳಿನಿಂದ ಉಳಿದ ಬೆರಳುಗಳ ಮೇಲೆ ಉಜ್ಜಿ ಕೆಳಗೆ ಬಿಡಬೇಕು, ದೇವರಿಗೆ ಅಕ್ಷತೆ ಹಾಕುವ ಹಾಗೆ. ಕೊನೆಗೆ ಕೆಲವು ಕಡಲೆ ಗಾತ್ರದ ಉಂಡೆಗಳು, ಉಳಿದದ್ದು ಹಸಿ ಮರಳು. ಆ ಉಂಡೆಗಳೇ ಬೆಂದ ಮೇಲೆ ಕರುಂ ಅನ್ನುವುದು. ತುಪ್ಪದಲ್ಲೂ ಮಾಡಬಹುದು, ಪರಿಮಳ ಬರುತ್ತದೆ, ಆದರೆ ಪುಡಿ ಉದುರುದುರಾಗಿ ಉಂಡೆ ನಿಲ್ಲುವುದಿಲ್ಲ.

ಈ ಪುಡಿಯನ್ನು ಹಣ್ಣಿನ ಮೇಲೆ ಹಾಕುವ ಮೊದಲೇ ಬೇರೆ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ 12 ನಿಮಿಷ ಬೇಯಿಸುತ್ತೇನೆ. ಮಿನೆಸೋಟಾದ ಅಜ್ಜಿ ಇದನ್ನು ಮಾಡುತ್ತಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಬೇಕು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಇದ್ದಾಗಲೂ ವೋಲ್ಟೇಜ್ ಇರುವುದಿಲ್ಲ. 230 ಇರಬೇಕಾದ ಕಡೆ 180 ಬಂದರೆ ಓವನ್ನಿನ ಕಾಯಿಲ್ ಕೊಡುವ ಶಾಖ ಸುಮಾರು ನೂರಕ್ಕೆ 40ರಷ್ಟು ಇಳಿಯುತ್ತದೆ. ಅಂಥ ಮಂದ ಶಾಖದಲ್ಲಿ ಹಣ್ಣು ನೀರು ಬಿಡುತ್ತಾ ಹೋಗುತ್ತದೆ, ಪುಡಿ ಕೆಂಪಗಾಗುವುದೇ ಇಲ್ಲ. ಮೊದಲೇ ಅರ್ಧ ಬೆಂದ ಪುಡಿಗೆ ಆ ಭಯ ಇಲ್ಲ. ಕರೆಂಟ್ ಇಲ್ಲದ ದಿನ ಅದನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಹಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ಒಲೆಯ ಮೇಲೇ ಬೇಯಿಸಿ, ಬಡಿಸುವಾಗ ಮೇಲೆ ಉದುರಿಸಿದ್ದೂ ಇದೆ.

ಪುಡಿ ಹರಡಿದ ಮೇಲೆ ಒತ್ತಬಾರದು. ಅಲ್ಲಲ್ಲಿ ಹಣ್ಣು ಇಣುಕುವಂತೆ ಸಂದು ಬಿಟ್ಟರೆ ಹಬೆ ಹೊರಗೆ ಹೋಗುತ್ತದೆ. 190 ಡಿಗ್ರಿಯಲ್ಲಿ 30 ನಿಮಿಷ. ಅಂಚಿನಲ್ಲಿ ರಸ ಬುಳಬುಳ ಅನ್ನದೆ ನಿಧಾನವಾಗಿ, ಪಾಕ ಕುದಿಯುವ ಹಾಗೆ ಗುಳ್ಳೆ ಒಡೆಯುತ್ತಿದ್ದರೆ ಆಯಿತು ಅಂತ ಲೆಕ್ಕ. ತೆಗೆದು 20 ನಿಮಿಷ ಮುಟ್ಟಬೇಡಿ, ರಸ ಹಿಡಿದುಕೊಳ್ಳುವುದು ಆಗಲೇ.

ಅಲ್ಲಿ ಐಸ್‌ಕ್ರೀಂ ಹಾಕಿ ಕೊಡುತ್ತಿದ್ದರು. ನಾನು ಹಾಲಿನ ಕೆನೆ ಹಾಕುತ್ತೇನೆ. ಹಾಲಿನ ಕ್ಯಾಲ್ಸಿಯಂ ಆಕ್ಸಾಲಿಕ್ ಆಮ್ಲವನ್ನು ಹಿಡಿದುಕೊಳ್ಳುವುದರಿಂದ ಹಲ್ಲಿನ ಆ ಒರಟು ಕಡಿಮೆಯಾಗುತ್ತದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಕಿಡ್ನಿ ತೊಂದರೆ ಇರುವವರಿಗೆ ದಾರೆಹುಳಿಯನ್ನು ಯಾವ ರೂಪದಲ್ಲೂ ಕೊಡಬಾರದು. ಅದರಲ್ಲಿರುವ ಇನ್ನೊಂದು ವಿಷವನ್ನು ಸೋತ ಕಿಡ್ನಿ ಹೊರಗೆ ಹಾಕಲಾರದು. ಬಿಕ್ಕಳಿಕೆಯಿಂದ ಶುರುವಾಗಿ ಮಂಪರು, ಫಿಟ್ಸ್, ಜೀವ ಹೋಗುವವರೆಗೂ ಮುಟ್ಟಬಹುದು. ಕೆನೆ ಹಾಕಿದರೂ ಅದು ಹೋಗುವುದಿಲ್ಲ. ನಮ್ಮ ಮನೆಯ ಹಿರಿಯರೊಬ್ಬರಿಗೆ ಈ ತೊಂದರೆ ಇದೆ. ಅವರ ಪಾಲಿಗೆ ಬೇರೆ ಬಟ್ಟಲಲ್ಲಿ ಸೇಬಿನ ಕ್ರಿಸ್ಪ್ ಮಾಡುತ್ತೇನೆ, ಚಮಚವನ್ನೂ ಬೇರೆ ಇಡುತ್ತೇನೆ.

ಆಷಾಢದ ಮಳೆಯಲ್ಲಿ ಹಪ್ಪಳ ಕರಿದಿಟ್ಟ ಅರ್ಧ ಗಂಟೆಗೆ ಮೆತ್ತಗಾಗುವ ಊರು ನಮ್ಮದು. ಕ್ರಿಸ್ಪ್ ಕೂಡ ರಾತ್ರಿ ಕಳೆದರೆ ಮೆತ್ತಗೆ. ಅದಕ್ಕೇ ಪುಡಿಯನ್ನು ಯಾವಾಗಲೂ ಎರಡು ಹಿಡಿ ಜಾಸ್ತಿ ಹುರಿದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಮಾರನೆಯ ದಿನ ಉಳಿದ ಕ್ರಿಸ್ಪನ್ನು ಬಿಸಿ ಮಾಡಿ, ಅದರ ಮೇಲೆ ಈ ಹೊಸ ಪುಡಿ ಉದುರಿಸಿ ಕೊಡುತ್ತೇನೆ.