ಮುಂಬೈ ಸುತ್ತಾಟದ ನಡುವೆ ದಂಡ, ಬಸ್ಕಿ

ಪ್ರವಾಸಕ್ಕೆ ಹೋದಾಗ ವ್ಯಾಯಾಮ ಯಾಕೆ, ದಿನವಿಡೀ ನಡೀತಾನೇ ಇರ್ತೀವಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಅರ್ಧ ಮಾತು ನಿಜ. ಮುಂಬೈಯಂಥ ಊರಿನಲ್ಲಿ ಲೋಕಲ್ ಸ್ಟೇಷನ್ನುಗಳ ಸೇತುವೆ ಹತ್ತಿ ಇಳಿಯುವಷ್ಟರಲ್ಲೇ ಕಾಲಿಗೂ ಉಸಿರಿಗೂ ಬೇಕಾದಷ್ಟು ಕೆಲಸ ಸಿಗುತ್ತದೆ. ಆದರೆ ತೋಳು, ಹೆಗಲು, ಬೆನ್ನಿಗೆ ಏನೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಇವೆರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು. ಅದರ ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಮೊದಲನೆಯದನ್ನು ಮುಂಬೈ ತಾನಾಗೇ ಮಾಡಿಸುತ್ತದೆ. ಎರಡನೆಯದಕ್ಕೆ ನಾವೇ ಹೊತ್ತು ಮಾಡಿಕೊಳ್ಳಬೇಕು.

ನನಗೆ ಐವತ್ತು ಹತ್ತಿರ ಬರುತ್ತಿದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಮೂಳೆ ಸವೆಯುವುದು ಜಾಸ್ತಿ, ಸ್ನಾಯುವೂ ಕರಗುತ್ತದೆ. ಹಾಗಾಗಿ ತೂಕ ಎತ್ತುವ ಅಭ್ಯಾಸವನ್ನು ನಾನು ಸುಮ್ನೆ ಹವ್ಯಾಸ ಅಂದುಕೊಂಡಿಲ್ಲ. ಹಲ್ಲುಜ್ಜುವಷ್ಟೇ ಸಹಜವಾಗಿ ಅದು ವಾರದಲ್ಲಿ ಸೇರಿಕೊಂಡಿದೆ. ಕಳೆದ ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಮುಂಬೈಗೆ ಹೊರಟಾಗಲೂ ಅದನ್ನು ಬಿಡಬಾರದು ಅಂತ ನಿರ್ಧರಿಸಿದ್ದೆ.

ಗಳಿಸಿದ ಬಲವನ್ನು ಉಳಿಸಿಕೊಳ್ಳುವುದಕ್ಕೆ, ಅದನ್ನು ಗಳಿಸುವಾಗ ಪಟ್ಟಷ್ಟು ಶ್ರಮ ಬೇಕಾಗಿಲ್ಲ. ಸುತ್ತು, ಅಂದರೆ ಸೆಟ್, ಕಡಿಮೆ ಮಾಡಬಹುದು, ಹೊತ್ತು ಕಡಿಮೆ ಮಾಡಬಹುದು. ಮಾಡುವ ಅಷ್ಟನ್ನು ಮಾತ್ರ ಕಷ್ಟ ಅನಿಸುವ ಹಾಗೇ ಮಾಡಬೇಕು. ಮನೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವುದನ್ನು ಅಲ್ಲಿ ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಇಪ್ಪತ್ತು ನಿಮಿಷ ಅಂದರೆ ಮನೆಯವರು ಎದ್ದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಯಾರಿಗೂ ಕಾಯುವ ಕಷ್ಟ ಇಲ್ಲ, ಮುಖ ಊದಿಸಿಕೊಳ್ಳುವ ಪ್ರಶ್ನೆಯೂ ಇಲ್ಲ.

ನೋಡುವ ಜಾಗಗಳ ಪಟ್ಟಿಯನ್ನು ಮುಂದಿಟ್ಟುಕೊಂಡೇ ವ್ಯಾಯಾಮದ ದಿನಗಳನ್ನು ಗುರುತು ಹಾಕಿದೆ. ಎಲಿಫೆಂಟಾ ಗುಹೆಗೆ ಹೋಗುವ ದಿನ ಕಾಲಿನ ವ್ಯಾಯಾಮ ಇಟ್ಟುಕೊಳ್ಳಲಿಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಇಳಿದ ಮೇಲೆ ಸುಮಾರು 120 ಮೆಟ್ಟಿಲು ಹತ್ತಬೇಕು. ಅವತ್ತು ಬೆಳಿಗ್ಗೆ ತೋಳು, ಬೆನ್ನು ಮಾತ್ರ. ಸೋಮವಾರ ಎಲಿಫೆಂಟಾಗೂ ರಜೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ರಜೆ. ಅದರೊಳಗಿನ ಕಾನ್ಹೇರಿ ಗುಹೆಗಳನ್ನೂ ಅವತ್ತು ನೋಡುವ ಹಾಗಿಲ್ಲ. ಹಾಗಾಗಿ ಸೋಮವಾರವನ್ನು ಕಾಲಿಗೆ ಇಟ್ಟೆ. ರೈಲಿನಲ್ಲಿ ಕಳೆದ ದಿನಗಳನ್ನು ವಿಶ್ರಾಂತಿ ಅಂತಲೇ ಲೆಕ್ಕ ಹಾಕಿದೆ. ಬರ್ತ್ ಮೇಲೆ ಕೂತು ಮಾಡುವ ಸರ್ಕಸ್ಸಿನಲ್ಲಿ ನನಗೆ ನಂಬಿಕೆ ಇಲ್ಲ.

ಚೀಲದಲ್ಲಿ ಹಾಕಿಕೊಂಡದ್ದು ಒಂದು ಉದ್ದನೆಯ ರೆಸಿಸ್ಟೆನ್ಸ್ ಬ್ಯಾಂಡ್, ಅಂದರೆ ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ, ಅಷ್ಟೇ. ಚರ್ಚ್‌ಗೇಟ್ ಹತ್ತಿರದ ಹೋಟೆಲಿನಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಮಲಗುವಷ್ಟು ಜಾಗ ಇತ್ತು. ಅದೇ ನನ್ನ ಗರಡಿ ಮನೆ ಆಯಿತು.

ಕಾಲಿಗೆ ಏನು ಮಾಡಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತೂಕ ಇಲ್ಲದೆ ಕಾಲಿನ ಬಲ ಹೇಗೆ ಉಳಿಸಿಕೊಳ್ಳೋದು ಅನ್ನುವ ಪ್ರಶ್ನೆಯೇ ಎಲ್ಲರಿಗೂ ಬರುವುದು. ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿದೆ, ಜಾರದಿರಲಿ ಅಂತ. ಒಂದು ಕಾಲನ್ನು ಹಿಂದಕ್ಕೆ ಚಾಚಿ, ಪಾದದ ಮೇಲ್ಭಾಗವನ್ನು ಕುರ್ಚಿಯ ಮೇಲಿಟ್ಟೆ. ಮಂಚದ ಮೇಲೂ ಇಡಬಹುದು, ಆದರೆ ಮೆತ್ತನೆಯ ಹಾಸಿಗೆಯಲ್ಲಿ ಪಾದ ಹೂತುಹೋಗಿ ಆಯ ತಪ್ಪುತ್ತದೆ. ಮುಂದಿನ ಕಾಲಿನ ಮೇಲೆ ಭಾರ ಬಿಟ್ಟು, ನಾಲ್ಕು ಎಣಿಸುತ್ತಾ ಇಳಿಯಬೇಕು. ಕೆಳಗೆ ಎರಡು ಎಣಿಸುವಷ್ಟು ನಿಲ್ಲಬೇಕು. ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಏಳಬೇಕು. ಬೆನ್ನಿಗೆ ಹಾಕುವ ಚೀಲದಲ್ಲಿ ಲೀಟರಿನ ನೀರಿನ ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ತುಂಬಿ, ಅದನ್ನು ಎದೆಗೆ ಅವಚಿಕೊಂಡಿದ್ದೆ. ಟವೆಲ್ ಇಲ್ಲದಿದ್ದರೆ ಬಾಟಲಿ ಒಂದು ಕಡೆ ಜಾರಿ ಸೊಂಟ ವಾಲುತ್ತದೆ. ಒಂದೊಂದು ಕಾಲಿಗೆ ಎಂಟು ಸಲ ಮಾಡುವಷ್ಟರಲ್ಲಿ ತೊಡೆ ನಡುಗುತ್ತದೆ. ಎರಡೂ ಕಾಲಿನಲ್ಲಿ ಬೇಗ ಬೇಗ ಐವತ್ತು ಬಸ್ಕಿ ಹೊಡೆಯುವುದಕ್ಕಿಂತ ಬಲಕ್ಕೆ ಇದು ಎಷ್ಟೋ ಮೇಲು ಅನ್ನುವುದು ನನ್ನ ಅನುಭವ. ಕೆಳಗಿನ ಕೋಣೆಯವರಿಗೆ ದಬದಬ ಸದ್ದೂ ಆಗುವುದಿಲ್ಲ.

ಬೆನ್ನಿಗೆ, ನೆಲದ ಮೇಲೆ ಕಾಲು ಚಾಚಿ ಕೂತು ಬ್ಯಾಂಡನ್ನು ಅಂಗಾಲಿಗೆ ಸುತ್ತಿ, ದೋಣಿಗೆ ಹುಟ್ಟು ಹಾಕುವ ಹಾಗೆ ಹೊಟ್ಟೆಯ ಕಡೆಗೆ ಎಳೆಯುತ್ತಿದ್ದೆ. ಎದೆ, ತೋಳಿಗೆ ದಂಡ. ಕೊನೆಗೆ ಒಂದು ಪ್ಲ್ಯಾಂಕ್, ಅಂದರೆ ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯ ಹಾಗೆ ನೇರವಾಗಿ ಹಿಡಿದು ನಿಲ್ಲುವುದು. ಇಷ್ಟೇ.

ನಡಿಗೆಗೆ ಮರೀನ್ ಡ್ರೈವ್ ಇತ್ತು. ನಾರಿಮನ್ ಪಾಯಿಂಟ್ ಕಡೆಯಿಂದ ಗಿರಗಾಂವ್ ಚೌಪಾಟಿವರೆಗೆ ಮೂರೂವರೆ ಕಿಲೋಮೀಟರ್‌ನಷ್ಟು ದೂರ. ಎಡಕ್ಕೆ ಸಮುದ್ರ, ನಡುವೆ ಒಂದೂ ಕ್ರಾಸ್ ರಸ್ತೆ ದಾಟುವುದಿಲ್ಲ. ಇನ್ನೊಂದು ಅನುಕೂಲ ಅಲ್ಲಿ ನಿಂತಾಗಲೇ ಗೊತ್ತಾಯಿತು. ಸಮುದ್ರ ಇರುವುದು ಪಶ್ಚಿಮಕ್ಕೆ, ಕಟ್ಟಡಗಳ ಸಾಲು ಪೂರ್ವಕ್ಕೆ. ಸೂರ್ಯ ಆ ಕಟ್ಟಡಗಳ ಹಿಂದಿನಿಂದ ಏಳುವುದರಿಂದ ಬೆಳಿಗ್ಗೆ ತುಂಬಾ ಹೊತ್ತು ಫುಟ್‌ಪಾತ್ ನೆರಳಲ್ಲೇ ಇರುತ್ತದೆ. ಬೆಳಗಿನ ನಡಿಗೆಗೆ ಹೇಳಿ ಮಾಡಿಸಿದ ಜಾಗ. ಆರ್ಟ್ ಡೆಕೊ ಅನ್ನುವ ಶೈಲಿಯ ಆ ಕಟ್ಟಡಗಳು 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಒಂದೊಂದರ ಬಾಲ್ಕನಿಯ ದುಂಡನೆಯ ತಿರುವು ನೋಡುತ್ತಾ ಹೋದರೆ ಊರು ನೋಡುವುದೂ ಆಯಿತು, ನಡಿಗೆಯೂ ಆಯಿತು. ದಂಡೆಯ ಗೋಡೆಗೆ ಕೈ ಊರಿ ದಂಡ ಹೊಡೆಯುವವರು ಅಲ್ಲಿ ಬೇಕಾದಷ್ಟು ಜನ, ನಾನೂ ಹೊಡೆದೆ, ಯಾರೂ ತಿರುಗಿ ನೋಡಲಿಲ್ಲ. ಮಳೆಗಾಲದಲ್ಲಿ ಮಾತ್ರ ಉಬ್ಬರದ ಹೊತ್ತಿಗೆ ಗೋಡೆಯ ಹತ್ತಿರ ಹೋಗಬಾರದು, ಅಲೆ ಗೋಡೆ ದಾಟಿ ಬರುತ್ತದೆ. ಮಂಡಿ ನೋವಿರುವವರು ಆ ಗಟ್ಟಿ ನೆಲದ ಮೇಲೆ ಓಡುವ ಬದಲು ಹತ್ತಿರದ ಓವಲ್ ಮೈದಾನಕ್ಕೆ ಹೋಗುವುದು ಒಳ್ಳೆಯದು, ಅಲ್ಲಿ ಮಣ್ಣಿನ ನೆಲ ಇದೆ.

ಕೊನೆಯ ದಿನಗಳಿಗೆ ಮಾಟುಂಗಾದ ಚಿಕ್ಕಮ್ಮನ ಮನೆಗೆ ಹೋದೆವು. ನೆಂಟರ ಮನೆಯಲ್ಲಿ ಅಭ್ಯಾಸ ಉಳಿಸಿಕೊಳ್ಳುವುದು ಹೋಟೆಲಿಗಿಂತ ಕಷ್ಟ. ಅಲ್ಲಿ ಪ್ರೀತಿಗೆ ಇಲ್ಲ ಅನ್ನಬೇಕಾಗುತ್ತದೆ. "ಊರು ನೋಡೋಕೆ ಬಂದು ಬೆಳಿಗ್ಗೆ ಬೆಳಿಗ್ಗೆ ಇದೇನೇ, ಸುಮ್ನೆ ಮಲಗಬಾರದಾ?" ಅಂದರು ಚಿಕ್ಕಮ್ಮ. "ನೀವೂ ಬನ್ನಿ ಚಿಕ್ಕಮ್ಮ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೆ ಸಾಕು" ಅಂದೆ. ಮೊದಲ ದಿನ ಐದಕ್ಕೇ ನಿಲ್ಲಿಸಿದರು. ಮರುದಿನ ನಾನು ಕರೆಯುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಆಮೇಲೆ ಇಬ್ಬರೂ ಫೈವ್ ಗಾರ್ಡನ್ಸ್‌ನ ಮರಗಳ ಕೆಳಗೆ ಒಂದು ಸುತ್ತು ಹಾಕಿ, ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಬರುತ್ತಿದ್ದೆವು. ಮಾಟುಂಗಾದಲ್ಲಿ ತಿಂಡಿಯ ವಿಷಯಕ್ಕೆ ಕನ್ನಡದವರು ಚಿಂತೆ ಮಾಡಬೇಕಿಲ್ಲ.

ಸಂಜೆ ಒಮ್ಮೆ ದಾದರ್‌ನ ಶಿವಾಜಿ ಪಾರ್ಕಿಗೂ ಹೋಗಿದ್ದೆವು. ಅಲ್ಲಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ಮಲ್ಲಕಂಬ ಕಲಿಸುತ್ತಾರೆ. ಮಕ್ಕಳು ಕಂಬವನ್ನು ತೊಡೆಯಲ್ಲಿ ಬಿಗಿಹಿಡಿದು ತಲೆಕೆಳಗಾಗಿ ನಿಲ್ಲುವುದನ್ನು ನೋಡಿ ನನ್ನ ಮಗಳು ಮೊಬೈಲ್ ಕೆಳಗಿಟ್ಟಳು. ಮುಂಬೈಗೆ ಹೋಗುವವರು ಇದನ್ನೂ ನೋಡುವ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಊಟದಲ್ಲಿ ಪ್ರೋಟೀನ್ ಕಡಿಮೆ ಆಗದ ಹಾಗೆ ನೋಡಿಕೊಂಡೆ. ಇರಾನಿ ಹೋಟೆಲುಗಳಲ್ಲಿ ಮೊಟ್ಟೆ ಸುಲಭವಾಗಿ ಸಿಗುತ್ತದೆ. ವಡಾ ಪಾವ್ ಕೂಡ ತಿಂದೆ, ಅದನ್ನು ಬಿಟ್ಟು ಮುಂಬೈ ನೋಡಿದೆ ಅನ್ನಲಾಗುತ್ತದಾ? ರಾತ್ರಿ ಕಾಲು ಜೋಮು ಹಿಡಿದ ಹಾಗಾದಾಗ ಗೋಡೆಗೆ ಕಾಲು ಚಾಚಿ ಐದು ನಿಮಿಷ ಮಲಗುತ್ತಿದ್ದೆ.

ಊರಿಗೆ ಬಂದ ಮೇಲೆ ಮೊದಲ ದಿನ ಎತ್ತುವ ತೂಕ ಕಡಿಮೆ ಮಾಡಲಿಲ್ಲ, ಸುತ್ತು ಮಾತ್ರ ಒಂದು ಕಡಿಮೆ ಮಾಡಿದೆ. ಹಳೆಯ ತೂಕವೇ ಎದ್ದಿತು. ಮರುದಿನ ಮೈಕೈ ನೋವು ಅಷ್ಟಾಗಿ ಇರಲಿಲ್ಲ. ಅದೇ ವಾರ ಮಾಮೂಲಿ ಮುಕ್ಕಾಲು ಗಂಟೆಗೆ ಮರಳಿದೆ.